ವಿಲ್ಸ್‌ಡನ್ನಿನ ಕಾದಂಬರಿಗಾರ್ತಿ, ಇಬ್ಬರು ಓದುಗರು

ಝೇಡಿ ಸ್ಮಿತ್ ಇಂಗ್ಲೆಂಡಿನ ಕಾದಂಬರಿಗಾರ್ತಿ, ಪ್ರಬಂಧಕಾರ್ತಿ. 1975ರಲ್ಲಿ ಲಂಡನ್ ನಗರದ ವಾಯವ್ಯ ಭಾಗದ ವಿಲ್ಸ್‌ಡನ್‌ನಲ್ಲಿ ಹುಟ್ಟಿದವರು. ತಾಯಿ ಜಮೈಕಾದಿಂದ ವಲಸೆ ಬಂದವರು, ತಂದೆ ಇಂಗ್ಲಿಷರು. 2000ದಿಂದ 2023ರ ನಡುವೆ ಆರು ಕಾದಂಬರಿ, ಒಂದು ನೀಳ್ಗತೆ, ಒಂದು ಕಥಾಸಂಕಲನ, ಒಂದು ನಾಟಕ ಬಂದಿವೆ. 2009ರಿಂದ 2025ರ ನಡುವೆ ನಾಲ್ಕು ಪ್ರಬಂಧ ಸಂಕಲನಗಳು ಬಂದಿವೆ. ಜಮೈಕನ್ನರು, ಬಂಗಾಳಿಗಳು, ಐರಿಷರು, ಯಹೂದಿಗಳು, ಆಫ್ರಿಕನ್ನರು ಒಂದೇ ಬೀದಿಯಲ್ಲಿ ಬಾಳುವ ಬದುಕೇ ಈ ಬರವಣಿಗೆಯ ಹೂರಣ. ಓದುಗರು ಮಾತ್ರ ಮೊದಲ ಪುಸ್ತಕದಿಂದಲೇ ಎರಡು ಪಾಲಾಗಿದ್ದಾರೆ. ಆ ಎರಡು ನಿಲುವುಗಳನ್ನು ಇಲ್ಲಿ ಇಬ್ಬರು ಓದುಗರ ಮಾತಾಗಿ ಕೊಡಲಾಗಿದೆ. ಒಬ್ಬರು ಮೆಚ್ಚಿ ಓದುವವರು, ಇನ್ನೊಬ್ಬರು ಅನುಮಾನ ಇಟ್ಟುಕೊಂಡು ಓದುವವರು.

ಒಬ್ಬರು: ಮಾತು ‘ವೈಟ್ ಟೀತ್’ನಿಂದಲೇ ಶುರುವಾಗಬೇಕು. 2000ದ ಜನವರಿಯಲ್ಲಿ ಅದು ಹೊರಬಂದಾಗ ಲೇಖಕಿಗೆ ಇಪ್ಪತ್ತನಾಲ್ಕು ವರ್ಷ. ಕೇಂಬ್ರಿಡ್ಜ್‌ನಲ್ಲಿ ಓದುತ್ತಿದ್ದಾಗಲೇ, ಬರೆದು ಮುಗಿಸಿದ್ದ ಕೆಲವೇ ಪುಟಗಳನ್ನು ನೋಡಿ ಪ್ರಕಾಶಕರು ಕಾದಂಬರಿಯನ್ನು ಕೊಂಡಿದ್ದರು. ವಿಟ್‌ಬ್ರೆಡ್ ಮೊದಲ ಕಾದಂಬರಿ ಪ್ರಶಸ್ತಿ, ಗಾರ್ಡಿಯನ್ ಮೊದಲ ಪುಸ್ತಕ ಪ್ರಶಸ್ತಿ, ಜೇಮ್ಸ್ ಟೇಟ್ ಬ್ಲ್ಯಾಕ್ ಪ್ರಶಸ್ತಿ ಒಂದರ ಹಿಂದೊಂದು ಬಂದವು. 2002ರಲ್ಲಿ ಚಾನೆಲ್ 4 ಅದನ್ನು ಧಾರಾವಾಹಿ ಮಾಡಿತು. ಎರಡನೇ ಮಹಾಯುದ್ಧದಲ್ಲಿ ಒಂದೇ ಟ್ಯಾಂಕಿನಲ್ಲಿದ್ದ ಆರ್ಚಿ ಜೋನ್ಸ್ ಎಂಬ ಇಂಗ್ಲಿಷನೂ ಸಮದ್ ಇಕ್ಬಾಲ್ ಎಂಬ ಬಂಗಾಳಿ ಮುಸ್ಲಿಮನೂ ಮುಂದೆ ಲಂಡನ್ನಿನಲ್ಲಿ ನೆರೆಹೊರೆಯವರಾಗುತ್ತಾರೆ. ಆರ್ಚಿಯ ಹೆಂಡತಿ ಕ್ಲಾರಾ ಜಮೈಕಾದವಳು. ಸಮದ್ ಇಂಡಿಯನ್ ಹೋಟೆಲೊಂದರಲ್ಲಿ ಮಾಣಿ. ಇವರ ಮಕ್ಕಳು ಬೆಳೆಯುವ ಕಥೆಯೇ ಕಾದಂಬರಿ. ವಲಸೆಗಾರರನ್ನು ಸಮಸ್ಯೆ ಎಂದು ಬಗೆಯದೆ ಪಕ್ಕದ ಮನೆಯವರೆಂದು ನೋಡಿದ್ದೇ ಓದುಗರಿಗೆ ಹಿಡಿಸಿತು.

ಇನ್ನೊಬ್ಬರು: ಹಾಗೆ ನೋಡಿದವರು ಅವರೊಬ್ಬರೇ ಏನಲ್ಲ. ಟ್ರಿನಿಡಾಡಿನ ಸ್ಯಾಮ್ ಸೆಲ್ವನ್ ‘ದ ಲೋನ್ಲಿ ಲಂಡನರ್ಸ್’ ಬರೆದದ್ದು 1956ರಲ್ಲಿ. ಹನೀಫ್ ಕುರೇಶಿಯ ‘ದ ಬುದ್ಧ ಆಫ್ ಸಬರ್ಬಿಯಾ’ ಬಂದದ್ದು 1990ರಲ್ಲಿ. ಹೊಸ ಶತಮಾನದ ಹೊಸ್ತಿಲಲ್ಲಿ ಬ್ರಿಟನ್ನಿಗೆ ತನ್ನ ಬಗ್ಗೆ ಹೆಮ್ಮೆಪಡುವ ಒಂದು ಚಿತ್ರ ಬೇಕಿತ್ತು. ಕರಿಯ ತಾಯಿ, ಬಿಳಿಯ ತಂದೆ ಇರುವ ತರುಣಿ ಬರೆದ ನಗೆಯ ಕಾದಂಬರಿ ಕೈಗೆ ಸಿಕ್ಕಿತು. ಪುಸ್ತಕಕ್ಕಿಂತ ಮೊದಲು ಪುಸ್ತಕದ ಸುದ್ದಿ ಮಾರಾಟವಾಯಿತು ಎಂದು ದೂರುವ ಓದುಗರಿದ್ದಾರೆ. ಅವರ ದೂರು ಲೇಖಕಿಯ ಮೇಲಿಗಿಂತ ಆ ಸಂಭ್ರಮದ ಮೇಲೆಯೇ ಹೆಚ್ಚು.

ಒಬ್ಬರು: ಸಂಭ್ರಮ ಕಳೆದ ಮೇಲೂ ಪುಸ್ತಕ ಉಳಿದಿದೆ. ಅದಕ್ಕೆ ಕಾರಣ ಸಣ್ಣ ಸಣ್ಣ ದೃಶ್ಯಗಳ ಹದ. ಆರ್ಚಿ, ಸಮದ್ ದಿನಾ ಸಂಜೆ ಕೂರುವ ಓಕಾನಲ್ಸ್ ಎಂಬ ಜಾಗವಿದೆ. ಹೆಸರು ಐರಿಷ್, ನಡೆಸುವವರು ಅರಬರು. ಬಿಲಿಯರ್ಡ್ಸ್ ಮನೆ ಎಂಬ ಬೋರ್ಡಿದೆ, ಆಡುವ ಮೇಜಿಲ್ಲ. ಒಡೆಯನ ಹೆಸರು ಅಬ್ದುಲ್-ಮಿಕ್ಕಿ. ಅವರ ಮನೆತನದಲ್ಲಿ ಗಂಡುಮಕ್ಕಳಿಗೆಲ್ಲ ಅಬ್ದುಲ್ ಎಂದೇ ಹೆಸರು, ಗುರುತು ಹಿಡಿಯಲು ಮುಂದೊಂದು ಇಂಗ್ಲಿಷ್ ಹೆಸರಿನ ಬಾಲ. ಬೇರೆ ಬೇರೆ ಸಂಸ್ಕೃತಿಗಳು ಒಟ್ಟಿಗೆ ಬಾಳುವುದೆಂದರೆ ಏನು ಎಂದು ಭಾಷಣ ಮಾಡದೆ ಈ ಒಂದು ಅಂಗಡಿಯಲ್ಲೇ ತೋರಿಸಲಾಗಿದೆ.

ಇನ್ನೊಬ್ಬರು: ಆಕ್ಷೇಪ ಹುಟ್ಟುವುದೂ ಅಲ್ಲಿಯೇ. ಎಲ್ಲವೂ ತಮಾಷೆ. ಮತಾಂಧ ಹುಡುಗರ ಗುಂಪಿಗೆ ಕೆವಿನ್ ಎಂಬ ಸಂಕ್ಷಿಪ್ತ ಹೆಸರು. ಒಬ್ಬ ವಿಜ್ಞಾನಿ ಇಲಿಯ ವಂಶವಾಹಿಗಳನ್ನು ತಿದ್ದುತ್ತಾನೆ. ಒಬ್ಬ ಅಜ್ಜಿ 1907ರ ಕಿಂಗ್‌ಸ್ಟನ್ ಭೂಕಂಪದ ನಡುವೆಯೇ ಹುಟ್ಟಿದವಳು. ಸಮದನ ಅವಳಿ ಮಕ್ಕಳಲ್ಲಿ ಮಗೀದ್ ಬಾಂಗ್ಲಾದೇಶದಲ್ಲಿ, ಮಿಲ್ಲತ್ ಲಂಡನ್ನಿನಲ್ಲಿ. ಇಬ್ಬರ ಮೂಗೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಮುರಿಯುತ್ತದೆ. ವಿಮರ್ಶಕ ಜೇಮ್ಸ್ ವುಡ್ 2000ದಲ್ಲಿ ‘ದ ನ್ಯೂ ರಿಪಬ್ಲಿಕ್’ ಪತ್ರಿಕೆಯಲ್ಲಿ ಇದನ್ನೆಲ್ಲ ಪಟ್ಟಿ ಮಾಡಿ ಈ ಬಗೆಯ ಬರವಣಿಗೆಗೆ ‘ಹಿಸ್ಟೀರಿಕಲ್ ರಿಯಲಿಸಂ’ ಎಂದು ಹೆಸರಿಟ್ಟರು. ಕನ್ನಡದಲ್ಲಿ ಉನ್ಮಾದದ ವಾಸ್ತವವಾದ ಎನ್ನಬಹುದು. ಘಟನೆಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ, ಮನುಷ್ಯರು ಮಾತ್ರ ಜೀವ ತಳೆಯುವುದಿಲ್ಲ ಎಂಬುದು ಅವರ ವಾದದ ತಿರುಳು. ಥಾಮಸ್ ಪಿಂಚನ್, ಡಾನ್ ಡೆಲಿಲ್ಲೊ, ರಶ್ದಿ ಇವರನ್ನೂ ಅವರು ಅದೇ ಸಾಲಿಗೆ ಸೇರಿಸಿದ್ದರು.

ಒಬ್ಬರು: ಆ ಮಾತಿಗೆ ಸ್ಮಿತ್ ಕೊಟ್ಟ ಉತ್ತರವನ್ನೂ ನೋಡಬೇಕು. 2001ರ ಸೆಪ್ಟೆಂಬರ್ ದಾಳಿಯ ನಂತರ ವುಡ್ ಅದೇ ವಾದವನ್ನು ‘ಗಾರ್ಡಿಯನ್’ನಲ್ಲಿ ಮುಂದುವರಿಸಿದಾಗ ಸ್ಮಿತ್ ಅಲ್ಲಿಯೇ ಬರೆದರು. ವುಡ್ ಇಟ್ಟ ಹೆಸರು ‘ವೈಟ್ ಟೀತ್’ನಂಥ ಕಾದಂಬರಿಗೆ ನೋವಾಗುವಷ್ಟು ಸರಿಯಾಗಿ ಹೊಂದುತ್ತದೆ ಎಂದು ಒಪ್ಪಿಕೊಂಡರು. ಆದರೆ ಅಷ್ಟು ಬೇರೆ ಬೇರೆ ಲೇಖಕರನ್ನು ಒಂದೇ ಬಲೆಯಲ್ಲಿ ಹಿಡಿಯುವುದು ಸರಿಯಲ್ಲ ಎಂದೂ ಹೇಳಿದರು. ಅದಕ್ಕೂ ಮೊದಲೇ ಒಂದು ಸಣ್ಣ ಪತ್ರಿಕೆಯಲ್ಲಿ ಹೆಸರು ಹಾಕದೆ ತಮ್ಮ ಪುಸ್ತಕವನ್ನು ತಾವೇ ವಿಮರ್ಶಿಸಿ, ಒಂದು ಕಡೆ ನಿಲ್ಲಲಾರದೆ ಕುಣಿಯುವ ಹತ್ತು ವರ್ಷದ ಮಗುವಿಗೆ ಅದನ್ನು ಹೋಲಿಸಿದ್ದರು. ಎದುರಾಳಿಯ ಮಾತನ್ನು ತನ್ನೊಳಗೆ ಬಿಟ್ಟುಕೊಳ್ಳುವ ಈ ಗುಣವೇ ಅವರ ಪ್ರಬಂಧಗಳ ಬೇರು.

ಇನ್ನೊಬ್ಬರು: ವುಡ್ ಎತ್ತಿದ್ದು ಕಲೆಯ ಪ್ರಶ್ನೆ. ದಕ್ಷಿಣ ಏಷ್ಯಾದ ಓದುಗರು ಕೇಳುವ ಪ್ರಶ್ನೆ ಬೇರೆ. ಸಮದ್ ಮಂಗಲ ಪಾಂಡೆಯ ಮರಿಮಗ ಎಂದು ಕಾದಂಬರಿ ಹೇಳುತ್ತದೆ. 1857ರ ಮಾರ್ಚ್ 29ರಂದು ಬ್ಯಾರಕ್‌ಪುರದಲ್ಲಿ ಗುಂಡು ಹಾರಿಸಿ, ಏಪ್ರಿಲ್ 8ರಂದು ಗಲ್ಲಿಗೇರಿದ ಆ ಸಿಪಾಯಿ ಬ್ರಾಹ್ಮಣ. ಬಂಗಾಳಿ ಮುಸ್ಲಿಮನೊಬ್ಬ ಅವನ ವಂಶದವನಾದದ್ದು ಹೇಗೆ? ಭಾರತದ ಶಾಲಾ ಮಕ್ಕಳಿಗೂ ಹೊಳೆಯುವ ಈ ಪ್ರಶ್ನೆ ಲಂಡನ್ನಿನ ವಿಮರ್ಶೆಯಲ್ಲಿ ಅಷ್ಟಾಗಿ ಏಳಲಿಲ್ಲ. ದೂರದಿಂದ ನೋಡುವವರಿಗೆ ಉಪಖಂಡವೆಲ್ಲ ಒಂದೇ ಬಣ್ಣ ಎಂಬ ಅನುಮಾನಕ್ಕೆ ಇದರಿಂದ ಬಲ ಬರುತ್ತದೆ.

ಒಬ್ಬರು: ಆ ಆಕ್ಷೇಪದಲ್ಲಿ ಹುರುಳಿದೆ. ಆದರೆ ಸಮದನ ವಂಶಾವಳಿಯನ್ನು ಕಾದಂಬರಿಯಲ್ಲಿ ಯಾರೂ ತಲೆಬಾಗಿ ಒಪ್ಪುವುದಿಲ್ಲ ಎಂಬುದನ್ನೂ ಗಮನಿಸಬೇಕು. ಹೋಟೆಲಿನಲ್ಲಿ ತಟ್ಟೆ ಎತ್ತುವ ಮನುಷ್ಯನಿಗೆ ತಾನೂ ದೊಡ್ಡ ಮನೆತನದವನು ಎಂದು ಹೇಳಿಕೊಳ್ಳಲು ಒಬ್ಬ ಪೂರ್ವಜ ಬೇಕು. ಅವನು ಪಾಂಡೆಯ ಕಥೆ ತೆಗೆದರೆ ಸಾಕು, ಮನೆಯವರೂ ಗೆಳೆಯರೂ ಆಕಳಿಸುತ್ತಾರೆ. ಪಾಂಡೆಯ ಚಿತ್ರವನ್ನು ಓಕಾನಲ್ಸ್ ಗೋಡೆಗೆ ಹಾಕಿಸಲು ಅವನು ಪಡುವ ಪಾಡು ನಗು ತರಿಸುತ್ತದೆ, ಆಮೇಲೆ ಕರುಳಿಗೂ ತಾಗುತ್ತದೆ. ವಂಶದ ಲೆಕ್ಕ ತಪ್ಪಿರಬಹುದು, ಊರು ಬಿಟ್ಟವನ ಹಂಬಲ ಸುಳ್ಳಲ್ಲ.

ಇನ್ನೊಬ್ಬರು: ಹಂಬಲ ನಿಜವಾಗಿದ್ದರೆ ವಿವರವೂ ಗಟ್ಟಿಯಾಗಿರಬೇಕು ಎಂದು ಕೇಳುವುದು ಓದುಗರ ಹಕ್ಕು. ಮೋನಿಕಾ ಅಲಿಯ ‘ಬ್ರಿಕ್ ಲೇನ್’ 2003ರಲ್ಲಿ ಬಂದಾಗ ಲಂಡನ್ನಿನ ಸಿಲ್ಹೆಟಿ ಜನರಲ್ಲಿ ಕೆಲವರು ಸಿಟ್ಟಾದರು. 2006ರಲ್ಲಿ ಅದರ ಸಿನಿಮಾ ಚಿತ್ರೀಕರಣಕ್ಕೂ ಅಡ್ಡಿ ಮಾಡಿದರು. ಸ್ಮಿತ್ ಆ ಮಟ್ಟದ ಪ್ರತಿಭಟನೆ ಎದುರಿಸಲಿಲ್ಲ. ಎಲ್ಲರನ್ನೂ ಒಂದೇ ಅಳತೆಯಲ್ಲಿ ಗೇಲಿ ಮಾಡಿದ್ದರಿಂದ ಯಾರಿಗೂ ತಮ್ಮೊಬ್ಬರಿಗೇ ಆದ ಅವಮಾನ ಎನ್ನಿಸದೆ ಹೋಗಿರಬಹುದು.

ಒಬ್ಬರು: ಗೇಲಿಯ ಅಡಿಯಲ್ಲಿ ಏನಿದೆ ಎಂಬುದನ್ನು ಪುಸ್ತಕದ ಹೆಸರೇ ಹೇಳುತ್ತದೆ. ಆರ್ಚಿಯ ಮಗಳು ಐರಿ, ಸಮದನ ಅವಳಿ ಮಕ್ಕಳು, ಮೂವರೂ ಶಾಲೆಯ ಸುಗ್ಗಿ ಹಬ್ಬಕ್ಕೆಂದು ಒಬ್ಬ ಇಂಗ್ಲಿಷ್ ಮುದುಕನ ಮನೆಗೆ ತಿನಿಸು ಹೊತ್ತು ಹೋಗುತ್ತಾರೆ. ಕೃತಕ ಹಲ್ಲಿನ ಆ ಮುದುಕನಿಗೆ ಅವರು ತಂದದ್ದನ್ನು ಅಗಿಯಲಾಗುವುದಿಲ್ಲ. ಚಹಾ ಕೊಟ್ಟು ಉಪಚರಿಸುತ್ತಾ, ಹಲ್ಲು ತಿಕ್ಕುವುದನ್ನು ಮರೆಯಬೇಡಿ ಎನ್ನುತ್ತಾನೆ. ಅದೇ ಉಸಿರಿನಲ್ಲಿ, ಕಾಂಗೋದ ಕತ್ತಲಲ್ಲಿ ಕರಿಯರನ್ನು ಹಲ್ಲಿನ ಬಿಳುಪಿನಿಂದ ಗುರುತಿಸಿ ಕೊಲ್ಲುತ್ತಿದ್ದುದನ್ನು ಹೇಳುತ್ತಾನೆ. ಕಂದುಬಣ್ಣದ ಮೂರು ಮಕ್ಕಳು ಕೂತು ಕೇಳುತ್ತಾರೆ. ಅಜ್ಜನ ಅಕ್ಕರೆ ಮತ್ತು ಸಾಮ್ರಾಜ್ಯದ ಕ್ರೌರ್ಯ ಒಂದೇ ಬಾಯಿಂದ ಬರುವ ಈ ದೃಶ್ಯ ಓದಿದವರು ಇದು ಬರೀ ಖುಷಿಯ ಪುಸ್ತಕ ಎನ್ನಲಾರರು.

ಇನ್ನೊಬ್ಬರು: ಆ ದೃಶ್ಯ ಚೆನ್ನಾಗಿದೆ, ಅದರಲ್ಲಿ ವಾದವಿಲ್ಲ. ಅಂಥವು ಇನ್ನಷ್ಟು ಇದ್ದು ಇಲಿಯ ಕಥೆ ಇಲ್ಲದಿದ್ದರೆ ಎಂದು ಅನ್ನಿಸುತ್ತದೆ. 2002ರ ಎರಡನೇ ಕಾದಂಬರಿ ‘ದಿ ಆಟೋಗ್ರಾಫ್ ಮ್ಯಾನ್’ ಬಗ್ಗೆ ಮೆಚ್ಚಿದವರೂ ಹೆಚ್ಚು ಮಾತಾಡುವುದಿಲ್ಲ. ಚೀನೀ ತಂದೆ, ಯಹೂದಿ ತಾಯಿಯ ಮಗನೊಬ್ಬ ಹಸ್ತಾಕ್ಷರಗಳ ವ್ಯಾಪಾರ ಮಾಡುವ ಕಥೆ ಅದು. ಬುದ್ಧಿ ಮಿನುಗುತ್ತದೆ, ಮನಸ್ಸಿಗೆ ಇಳಿಯುವುದಿಲ್ಲ.

ಒಬ್ಬರು: 2005ರ ‘ಆನ್ ಬ್ಯೂಟಿ’ಗೆ ಆ ದೂರು ಸಲ್ಲದು. ಇ. ಎಂ. ಫಾರ್ಸ್ಟರ್ 1910ರಲ್ಲಿ ಬರೆದ ‘ಹೋವರ್ಡ್ಸ್ ಎಂಡ್’ ಕಾದಂಬರಿಗೆ ಸಲ್ಲಿಸಿದ ಗೌರವ ಅದು. ಅಮೆರಿಕದ ಬಾಸ್ಟನ್ ಬಳಿಯ ಒಂದು ಕಲ್ಪಿತ ಕಾಲೇಜು ಪಟ್ಟಣದಲ್ಲಿ ನಡೆಯುತ್ತದೆ. ಹೋವರ್ಡ್ ಬೆಲ್ಸಿ ಬಿಳಿಯ ಇಂಗ್ಲಿಷ್ ಪ್ರಾಧ್ಯಾಪಕ, ಹೆಂಡತಿ ಕಿಕಿ ಆಫ್ರಿಕನ್ ಅಮೆರಿಕನ್. ರೆಂಬ್ರಾಂಟ್ ಚಿತ್ರಗಳ ಬಗ್ಗೆ ಜೀವಮಾನವಿಡೀ ಪಾಠ ಹೇಳಿದವನಿಗೆ ಆ ಚಿತ್ರಗಳನ್ನು ಸವಿಯಲು ಬಾರದು. ಕೊನೆಯ ದೃಶ್ಯದಲ್ಲಿ ಟಿಪ್ಪಣಿಗಳನ್ನು ಕಾರಿನಲ್ಲೇ ಬಿಟ್ಟು ಬಂದು ಉಪನ್ಯಾಸಕ್ಕೆ ನಿಲ್ಲುತ್ತಾನೆ. ಮಾತಿಲ್ಲದೆ ಒಂದೊಂದೇ ಚಿತ್ರ ತೋರಿಸುತ್ತಾ ಹೋಗುತ್ತಾನೆ. ಕಡೆಗೆ ನೀರಿಗಿಳಿಯುತ್ತಿರುವ ಹೆಂಗಸಿನ ಚಿತ್ರ ಬರುತ್ತದೆ. ಸಭೆಯಲ್ಲಿ ದೂರವಾಗಿರುವ ಹೆಂಡತಿ ಕೂತಿದ್ದಾಳೆ. ಅವನು ಚಿತ್ರವನ್ನೂ ಅವಳನ್ನೂ ನೋಡುತ್ತಾನೆ. ಇಲ್ಲಿ ಉನ್ಮಾದವಿಲ್ಲ. ಬೂಕರ್ ಅಂತಿಮ ಪಟ್ಟಿಗೆ ಬಂದ ಈ ಕಾದಂಬರಿಗೆ 2006ರಲ್ಲಿ ಆರೆಂಜ್ ಪ್ರಶಸ್ತಿ ಸಿಕ್ಕಿತು.

ಇನ್ನೊಬ್ಬರು: ಅಮೆರಿಕದ ಓದುಗರ ಕಿವಿ ಬೇರೆಯದನ್ನು ಕೇಳಿತು. ಅಲ್ಲಿನ ಪಾತ್ರಗಳ ಬಾಯಲ್ಲಿ ಇಂಗ್ಲೆಂಡಿನ ನುಡಿಗಟ್ಟು ನುಸುಳುತ್ತದೆ ಎಂದು ಅನೇಕರು ತಕರಾರು ಎತ್ತಿದರು. ಕಿರಿಯ ಮಗ ಲಿವೈ ಆಡುವ ಬೀದಿಮಾತು ಸಿನಿಮಾ ನೋಡಿ ಕಲಿತಂತಿದೆ ಎಂದರು. ಭಾಷೆಯನ್ನೇ ಬಂಡವಾಳ ಮಾಡಿಕೊಂಡ ಲೇಖಕಿಗೆ ಇದು ಸಣ್ಣ ಆಕ್ಷೇಪವಲ್ಲ.

ಒಬ್ಬರು: ಲಿವೈಯ ಮಾತು ಎರವಲಿನದೇ, ಅದನ್ನು ಕಾದಂಬರಿಯೂ ಬಲ್ಲದು. ಪ್ರಾಧ್ಯಾಪಕರ ಮನೆಯಲ್ಲಿ ಅನುಕೂಲವಾಗಿ ಬೆಳೆದ ಹುಡುಗ ಬ್ರೂಕ್ಲಿನ್ ಬಡವರ ದನಿ ಹಚ್ಚಿಕೊಂಡು ತಿರುಗುತ್ತಾನೆ. ದನಿ ಬದಲಿಸುವುದು ಸ್ಮಿತ್ ಬರವಣಿಗೆಯ ಉದ್ದಕ್ಕೂ ಇರುವ ಚಿಂತೆ. 2008ರಲ್ಲಿ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದಲ್ಲಿ ಮಾಡಿದ ‘ಸ್ಪೀಕಿಂಗ್ ಇನ್ ಟಂಗ್ಸ್’ ಉಪನ್ಯಾಸ ಶುರುವಾಗುವುದೇ ಅವರ ಸ್ವಂತ ದನಿಯಿಂದ. ವಿಲ್ಸ್‌ಡನ್ನಿನ ಮಾತು ಮನೆಯದು, ಕೇಂಬ್ರಿಡ್ಜಿನ ಮಾತು ಓದಿನದು. ಎರಡೂ ಇರಲಿ ಎಂದುಕೊಂಡಿದ್ದರು, ಮೊದಲನೆಯದು ಮೆಲ್ಲಗೆ ಕಳೆದುಹೋಯಿತು. ಅಲ್ಲಿಂದ ಬರ್ನಾರ್ಡ್ ಶಾ ನಾಟಕ ‘ಪಿಗ್ಮೇಲಿಯನ್’ಗೆ, ಆಮೇಲೆ ಆಗಷ್ಟೇ ಗೆದ್ದಿದ್ದ ಒಬಾಮಾಗೆ ಬರುತ್ತಾರೆ. ಹಲವು ದನಿಗಳಲ್ಲಿ ಮಾತಾಡಬಲ್ಲವನು ಕಪಟಿ ಎಂದು ಲೋಕ ಬಗೆಯುತ್ತದೆ. ಅದು ಮನುಷ್ಯನ ಬಲವೂ ಇರಬಹುದಲ್ಲ ಎಂಬುದು ಅಲ್ಲಿನ ವಾದ. ಊರಲ್ಲಿ ಒಂದು ಕನ್ನಡ, ಕಚೇರಿಯಲ್ಲಿ ಇನ್ನೊಂದು ಕನ್ನಡ ಆಡುವವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ.

ಇನ್ನೊಬ್ಬರು: ಪ್ರಬಂಧಕಾರ್ತಿಯೇ ಕಾದಂಬರಿಗಾರ್ತಿಗಿಂತ ಮೇಲು ಎನ್ನುವ ಓದುಗರು ಇಂಥ ಬರಹವನ್ನೇ ತೋರಿಸುತ್ತಾರೆ. ಕಾದಂಬರಿಯಲ್ಲಿ ಕಥಾವಸ್ತುವನ್ನು ಎಲ್ಲಿಗೋ ಮುಟ್ಟಿಸಬೇಕಾದ ಒತ್ತಾಯವಿದೆ. ಪ್ರಬಂಧದಲ್ಲಿ ಯೋಚನೆ ತನ್ನಷ್ಟಕ್ಕೆ ನಡೆಯಬಹುದು. 2009ರ ಮೊದಲ ಸಂಕಲನದ ಹೆಸರೇ ‘ಚೇಂಜಿಂಗ್ ಮೈ ಮೈಂಡ್’, ಮನಸ್ಸು ಬದಲಿಸಿಕೊಳ್ಳುವುದು. ತಂದೆಯ ಸಾವು ಮತ್ತು ಅವರ ಹಾಸ್ಯಪ್ರೀತಿಯ ಬಗ್ಗೆ ಬರೆದ ‘ಡೆಡ್ ಮ್ಯಾನ್ ಲಾಫಿಂಗ್’ ಅದರಲ್ಲಿದೆ. 2018ರ ‘ಫೀಲ್ ಫ್ರೀ’ಗೆ ಅಮೆರಿಕದ ನ್ಯಾಷನಲ್ ಬುಕ್ ಕ್ರಿಟಿಕ್ಸ್ ಸರ್ಕಲ್ ಪ್ರಶಸ್ತಿ ಸಿಕ್ಕಿತು. ವಿಲ್ಸ್‌ಡನ್ ಗ್ರೀನ್ ಗ್ರಂಥಾಲಯವನ್ನೂ ಅದರ ಪಕ್ಕದ ಪುಸ್ತಕದಂಗಡಿಯನ್ನೂ ಕೆಡವುವ ಯೋಜನೆ ಬಂದಾಗ 2012ರಲ್ಲಿ ಬರೆದ ಪ್ರಬಂಧವನ್ನು ಅವರ ಕಾದಂಬರಿ ಇಷ್ಟಪಡದವರೂ ನೆನೆಯುತ್ತಾರೆ. ಸರ್ಕಾರ ಜನರಿಗೆ ಕೊಡಬೇಕಾದದ್ದೇನು ಎಂಬ ಪ್ರಶ್ನೆ ಅಲ್ಲಿ ಒಂದು ಕಟ್ಟಡದ ಮೇಲೆ ನಿಂತಿದೆ.

ಒಬ್ಬರು: ಪ್ರಬಂಧವನ್ನು ಕಾದಂಬರಿಯಿಂದ ಬೇರೆ ಮಾಡಿ ಅಳೆಯುವುದು ಕಷ್ಟ. 2008ರ ‘ಟೂ ಪಾತ್ಸ್ ಫಾರ್ ದ ನಾವೆಲ್’ನಲ್ಲಿ ಅವರು ಜೋಸೆಫ್ ಓನೀಲ್ ಬರೆದ ‘ನೆದರ್‌ಲ್ಯಾಂಡ್’, ಟಾಮ್ ಮೆಕಾರ್ತಿ ಬರೆದ ‘ರಿಮೇಂಡರ್’ ಎರಡನ್ನೂ ಎದುರುಬದುರು ಇಟ್ಟು ನೋಡಿದರು. ಮೊದಲನೆಯದು ಸೊಗಸಾದ ಪದ್ಯಗಂಧಿ ವಾಸ್ತವವಾದ, ಎರಡನೆಯದು ಅದನ್ನು ಒಡೆಯುವ ಬರಹ. ಸೊಗಸು ಪೂರ್ಣವಾದದ್ದೇ ತೊಂದರೆ ಎಂದರು. ಆ ಟೀಕೆ ಅವರ ‘ಆನ್ ಬ್ಯೂಟಿ’ಗೂ ತಗಲುತ್ತಿತ್ತು. ನಾಲ್ಕು ವರ್ಷದ ಮೇಲೆ ಬಂದ ‘ಎನ್‌ಡಬ್ಲ್ಯೂ’ ಕಾದಂಬರಿ ಹಳೆಯ ದಾರಿ ಬಿಟ್ಟಿತ್ತು.

ಇನ್ನೊಬ್ಬರು: ಹಳೆಯ ದಾರಿ ಬಿಟ್ಟಿತು, ಜೊತೆಗೆ ಓದುಗರನ್ನೂ ಬಿಟ್ಟಿತು ಎಂದವರಿದ್ದಾರೆ. ಮುರಿದ ವಾಕ್ಯಗಳು; ಮರದ ಆಕಾರದಲ್ಲಿ ಜೋಡಿಸಿದ ಸಾಲುಗಳು; ನ್ಯಾಟಲಿ ಎಂಬ ಪಾತ್ರದ ಭಾಗದಲ್ಲಿ ಅಂಕಿ ಹಾಕಿದ 185 ತುಣುಕುಗಳು. ‘ವೈಟ್ ಟೀತ್’ನ ನಗೆ ಹುಡುಕಿಕೊಂಡು ಬಂದವರಿಗೆ ಬಾಗಿಲು ಮುಚ್ಚಿದಂತಾಯಿತು. ಸರ್ಕಾರಿ ವಸತಿ ಸಮುಚ್ಚಯದಲ್ಲಿ ಬೆಳೆದ ನಾಲ್ವರ ಕಥೆಯಲ್ಲಿ ಫೀಲಿಕ್ಸ್ ಎಂಬವನ ಭಾಗ ಮಾತ್ರ ಕಥೆಯಂತೆ ಓದಿಸಿಕೊಳ್ಳುತ್ತದೆ, ಉಳಿದದ್ದು ಪ್ರಯೋಗ ಎಂಬುದು ಅವರ ಅಳಲು.

ಒಬ್ಬರು: ಪ್ರಯೋಗಕ್ಕೆ ಕಾರಣವಿದೆ. ಒಂದೆಡೆ, ಒಂದು ಜಾಗದಿಂದ ಇನ್ನೊಂದಕ್ಕೆ ನಡೆದು ಹೋಗುವ ದಾರಿಯನ್ನು ಕಂಪ್ಯೂಟರ್ ನಕ್ಷೆಯ ಸೂಚನೆಗಳಂತೆ ಕೊಡಲಾಗಿದೆ: ಎಡಕ್ಕೆ ತಿರುಗು, ಇಷ್ಟು ದೂರ ನಡೆ. ಮುಂದಿನ ಅಧ್ಯಾಯದಲ್ಲಿ ಅದೇ ದಾರಿ ಮತ್ತೆ ಬರುತ್ತದೆ, ಈ ಸಲ ವಾಸನೆ, ಅಂಗಡಿ, ಭಾಷೆ, ಪತ್ರಿಕೆ, ಗದ್ದಲಗಳಾಗಿ. ಪಟ್ಟಣವನ್ನು ತಿಳಿಯುವ ಎರಡು ಬಗೆ ಅದು. ಇನ್ನು ಕೀಷಾ ಎಂಬ ಹುಡುಗಿ ಓದಿ, ವಕೀಲೆಯಾಗಿ, ನ್ಯಾಟಲಿ ಎಂದು ಹೆಸರು ಬದಲಿಸಿಕೊಳ್ಳುತ್ತಾಳೆ. ಬಾಳು ಕೂಡಿಬರುವುದಿಲ್ಲ, ತುಣುಕಾಗಿಯೇ ಉಳಿಯುತ್ತದೆ. ಆ 185 ತುಣುಕುಗಳೇ ಅವಳ ಪಾತ್ರಚಿತ್ರಣ. ‘ವೈಟ್ ಟೀತ್’ ಬಗ್ಗೆ ಅಷ್ಟು ಕಟುವಾಗಿ ಬರೆದಿದ್ದ ಜೇಮ್ಸ್ ವುಡ್ 2012ರ ತಮ್ಮ ಮೆಚ್ಚಿನ ಪುಸ್ತಕಗಳಲ್ಲಿ ‘ಎನ್‌ಡಬ್ಲ್ಯೂ’ವನ್ನು ಎಣಿಸಿದರು.

ಇನ್ನೊಬ್ಬರು: ಹಾಗಾದರೆ ಮೊದಲಿನ ಉಲ್ಲಾಸ ಎಲ್ಲಿ ಹೋಯಿತು ಎಂಬ ಪ್ರಶ್ನೆ ಉಳಿಯುತ್ತದೆ. ಬಹುಸಂಸ್ಕೃತಿಯ ಕನಸು ಸೋತಿತು, ಲೇಖಕಿಯೂ ಅದನ್ನು ಒಪ್ಪಿಕೊಂಡರು ಎಂದು ಅರ್ಥ ಮಾಡುವವರಿದ್ದಾರೆ.

ಒಬ್ಬರು: ಆ ಪ್ರಶ್ನೆಗೆ ಅವರು 2016ರ ನವೆಂಬರಿನಲ್ಲಿ, ಟ್ರಂಪ್ ಮೊದಲ ಸಲ ಗೆದ್ದ ಎರಡು ದಿನಕ್ಕೆ, ಬರ್ಲಿನ್‌ನಲ್ಲಿ ಪ್ರಶಸ್ತಿ ಸ್ವೀಕರಿಸುತ್ತಾ ಉತ್ತರಿಸಿದರು. ತಾನು ಬೆಳೆದ ಬೀದಿ ಯಾವ ಸಿದ್ಧಾಂತದ ಪ್ರಯೋಗಶಾಲೆಯೂ ಆಗಿರಲಿಲ್ಲ, ಅದು ಬದುಕು ಅಷ್ಟೇ. ಬದುಕನ್ನು ಸೋತಿತು ಎನ್ನಲು ಬರುವುದಿಲ್ಲ ಎಂಬುದು ಆ ಭಾಷಣದ ಧಾಟಿ. ಪ್ರಗತಿ ಒಮ್ಮೆ ಬಂದರೆ ಶಾಶ್ವತವಲ್ಲ, ಪ್ರತಿ ತಲೆಮಾರೂ ಅದನ್ನು ಮತ್ತೆ ಕಟ್ಟಬೇಕು ಎಂದೂ ಹೇಳಿದರು. ಕತ್ತಲೆ ‘ವೈಟ್ ಟೀತ್’ನಲ್ಲೂ ಇತ್ತು, ವಯಸ್ಸಾದಂತೆ ಅದು ಮುಂದಕ್ಕೆ ಬಂತು. 2013ರ ‘ದಿ ಎಂಬೆಸಿ ಆಫ್ ಕಾಂಬೋಡಿಯಾ’ ನೀಳ್ಗತೆ ಇದಕ್ಕೆ ಸಾಕ್ಷಿ. ಐವರಿ ಕೋಸ್ಟಿನ ಫಾತು ವಿಲ್ಸ್‌ಡನ್ನಿನ ಮನೆಯೊಂದರಲ್ಲಿ ಕೆಲಸದವಳು. ಅವಳ ಪಾಸ್‌ಪೋರ್ಟ್ ಯಜಮಾನರ ಬಳಿ ಇದೆ. ಸೋಮವಾರಗಳಂದು ಯಜಮಾನರ ಹೆಸರಿನ ಅತಿಥಿ ಚೀಟಿ ಹಿಡಿದು ಈಜಲು ಹೋಗುತ್ತಾಳೆ. ದಾರಿಯಲ್ಲಿ ರಾಯಭಾರ ಕಚೇರಿಯ ಎತ್ತರದ ಗೋಡೆ. ಅದರಾಚೆ ಯಾರೋ ಆಡುವ ಬ್ಯಾಡ್ಮಿಂಟನ್ ಚೆಂಡಿನ ಗರಿ ಮಾತ್ರ ಮೇಲೆದ್ದು ಕಾಣುತ್ತದೆ. ಅಧ್ಯಾಯಗಳಿಗೆ ಆಟದ ಅಂಕದಂತೆ 0-1ರಿಂದ 0-21ರವರೆಗೆ ಸಂಖ್ಯೆ. ಒಂದು ಕಡೆಯವರ ಸೊನ್ನೆ ಕೊನೆಯವರೆಗೂ ಸೊನ್ನೆಯೇ.

ಇನ್ನೊಬ್ಬರು: ಆ ಕಥೆಯನ್ನು ಅಲ್ಲಗಳೆಯುವವರು ವಿರಳ. ‘ಸ್ವಿಂಗ್ ಟೈಮ್’ ಬಗ್ಗೆ ಹಾಗೆ ಹೇಳಲಾಗದು. 2016ರ ಆ ಕಾದಂಬರಿಯಲ್ಲಿ ನಿರೂಪಕಿಗೆ ಹೆಸರಿಲ್ಲ. ಅವಳಿಗೆ ಕೆಲಸ ಕೊಟ್ಟಿರುವ ಪಾಪ್ ಗಾಯಕಿ ಏಮಿ ಪಶ್ಚಿಮ ಆಫ್ರಿಕಾದ ಒಂದು ಹಳ್ಳಿಯಲ್ಲಿ ಶಾಲೆ ಕಟ್ಟಿಸುತ್ತಾಳೆ. ಆ ದೇಶಕ್ಕೂ ಹೆಸರಿಲ್ಲ. ಶ್ರೀಮಂತರ ದಾನವನ್ನು ಟೀಕಿಸುವ ಪುಸ್ತಕವೇ ಆಫ್ರಿಕಾವನ್ನು ಹಿನ್ನೆಲೆಯ ಪರದೆಯಂತೆ ಬಳಸಿತಲ್ಲ ಎಂದು ಕೇಳುವವರಿದ್ದಾರೆ. ನಿರೂಪಕಿ ಎಲ್ಲವನ್ನೂ ನೋಡುತ್ತಾಳೆ, ಏನನ್ನೂ ಮಾಡುವುದಿಲ್ಲ.

ಒಬ್ಬರು: ನೋಡುವುದು ಎಷ್ಟು ಕುರುಡಾಗಿರಬಲ್ಲದು ಎಂಬುದೇ ಅಲ್ಲಿನ ವಿಷಯ. ನಿರೂಪಕಿ ಬಾಲ್ಯದಿಂದ ಆರಾಧಿಸಿದ್ದು 1936ರ ‘ಸ್ವಿಂಗ್ ಟೈಮ್’ ಸಿನಿಮಾದಲ್ಲಿ ಫ್ರೆಡ್ ಆಸ್ಟೇರ್ ಮಾಡಿದ ಒಂದು ನೃತ್ಯವನ್ನು. ದೊಡ್ಡವಳಾದ ಮೇಲೆ ಪಕ್ಕದಲ್ಲಿ ಕೂತ ಆಫ್ರಿಕಾದ ಗೆಳೆಯನ ಕಣ್ಣಿನಿಂದ ನೋಡಿದಾಗ ತಿಳಿಯುತ್ತದೆ: ಆಸ್ಟೇರ್ ಮುಖಕ್ಕೆ ಮಸಿ ಬಳಿದುಕೊಂಡು ಕರಿಯನ ವೇಷದಲ್ಲಿ ಕುಣಿಯುತ್ತಿದ್ದಾನೆ. ಕರಿಯ ತಾಯಿಯ ಮಗಳ ಕಣ್ಣಿಗೇ ಅಷ್ಟು ವರ್ಷ ಅದು ಬಿದ್ದಿರಲಿಲ್ಲ. ನೃತ್ಯದ ಚೆಲುವೂ ನಿಜ, ಮಸಿಯೂ ನಿಜ.

ಇನ್ನೊಬ್ಬರು: ಎರಡೂ ನಿಜ ಎನ್ನುವ ಈ ರೀತಿ ಕಥೆಯಲ್ಲಿ ಶೋಭಿಸುತ್ತದೆ. ರಾಜಕೀಯ ಪ್ರಬಂಧದಲ್ಲಿ ಅದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತಾಗುತ್ತದೆ. 1955ರಲ್ಲಿ ಮಿಸಿಸಿಪಿಯಲ್ಲಿ ಬಿಳಿಯರು ಕೊಂದ ಹದಿನಾಲ್ಕು ವರ್ಷದ ಎಮೆಟ್ ಟಿಲ್‌ನ ಶವವನ್ನು ಬಿಳಿಯ ಕಲಾವಿದೆ ಡೇನಾ ಶುಟ್ಜ್ ಚಿತ್ರಿಸಿದ್ದರು. ಅದನ್ನು 2017ರಲ್ಲಿ ನ್ಯೂಯಾರ್ಕಿನಲ್ಲಿ ಪ್ರದರ್ಶಿಸಿದಾಗ, ಕರಿಯರ ನೋವನ್ನು ಬಿಳಿಯರು ಸರಕು ಮಾಡಬಾರದು, ಚಿತ್ರವನ್ನೇ ನಾಶ ಮಾಡಬೇಕು ಎಂಬ ಬಹಿರಂಗ ಪತ್ರ ಬಂತು. ಸ್ಮಿತ್ ಆ ಬೇಡಿಕೆಯನ್ನು ಒಪ್ಪಲಿಲ್ಲ. ಹೀಗೆ ಬಣ್ಣ ನೋಡಿ ಹಕ್ಕು ಹಂಚಿದರೆ ತನ್ನ ಮಕ್ಕಳು ಯಾವ ಕಡೆ ನಿಲ್ಲಬೇಕು ಎಂದು ಕೇಳಿದರು. ಅನೇಕ ಕರಿಯ ಓದುಗರಿಗೆ ಇದು ದೊಡ್ಡ ಗಾಯವನ್ನು ಮನೆಯ ಮಾತಿಗೆ ಇಳಿಸಿದಂತೆ ಕಂಡಿತು.

ಒಬ್ಬರು: ಸ್ಮಿತ್‌ರ ಆ ನಿಲುವಿನ ತಾತ್ವಿಕ ರೂಪ 2019ರ ‘ಫ್ಯಾಸಿನೇಟೆಡ್ ಟು ಪ್ರಿಸ್ಯೂಮ್’ ಪ್ರಬಂಧದಲ್ಲಿದೆ. ತನ್ನಂಥವರ ಬಗ್ಗೆ ಮಾತ್ರ ಬರೆಯಬೇಕು ಎಂಬ ನಿಯಮ ಬಂದರೆ ಕಥೆಯೇ ಉಳಿಯದು. ಇನ್ನೊಬ್ಬರ ಒಳಮನಸ್ಸನ್ನು ಊಹಿಸುವ ದಾರ್ಷ್ಟ್ಯ ಕಥೆಗಾರರಿಗೆ ಬೇಕು. ಊಹೆ ತಪ್ಪಿದಾಗ ನಂಬಲಾರೆ ಎನ್ನುವ ಹಕ್ಕು ಓದುಗರದು. ತೀರ್ಪು ಪುಸ್ತಕ ಓದಿದ ಮೇಲೆ ಬರಲಿ, ಲೇಖಕರ ಹುಟ್ಟು ನೋಡಿ ಬೇಡ ಎಂಬುದು ಅಲ್ಲಿನ ನಿಲುವು.

ಇನ್ನೊಬ್ಬರು: ಊಹಿಸುವ ಅವಕಾಶ ಎಲ್ಲರಿಗೂ ಸಮನಾಗಿ ಸಿಕ್ಕಿದ್ದರೆ ಆ ನಿಲುವಿನಲ್ಲಿ ಲೋಪವಿಲ್ಲ. ಯಾರ ಊಹೆ ಅಚ್ಚಾಗುತ್ತದೆ, ಯಾರದು ಆಗುವುದಿಲ್ಲ ಎಂಬುದನ್ನು ಪ್ರಬಂಧ ಹೆಚ್ಚು ಕೆದಕುವುದಿಲ್ಲ. 2024ರ ಮೇ ತಿಂಗಳಲ್ಲಿ ‘ನ್ಯೂಯಾರ್ಕರ್’ನಲ್ಲಿ ಬಂದ ‘ಶಿಬ್ಬೊಲೆತ್’ ಈ ಅಸಮಾಧಾನವನ್ನು ಇನ್ನೂ ಹೆಚ್ಚಿಸಿತು. ಗಾಜಾ ಯುದ್ಧದ ವಿರುದ್ಧ ಅಮೆರಿಕದ ಕಾಲೇಜುಗಳಲ್ಲಿ ನಡೆದ ಪ್ರತಿಭಟನೆಯ ಬಗ್ಗೆ ಬರೆದದ್ದು. ಕದನ ವಿರಾಮ ಬೇಕು ಎಂದು ಸ್ಮಿತ್ ಸ್ಪಷ್ಟವಾಗಿಯೇ ಹೇಳಿದರು. ಆದರೆ ಪ್ರಬಂಧದ ಬಹುಪಾಲು ಎರಡೂ ಕಡೆಯವರು ಬಳಸುವ ಪದಗಳ ಪರೀಕ್ಷೆಗೆ ಹೋಯಿತು. ಜನ ಸಾಯುತ್ತಿರುವಾಗ ಪದಗಳ ತೂಕ ನೋಡುವುದು ಜಾರಿಕೊಳ್ಳುವ ದಾರಿ ಎಂದು ಹಲವರು ಕಟುವಾಗಿ ಟೀಕಿಸಿದರು.

ಒಬ್ಬರು: ಪದಗಳೇ ಜನರನ್ನು ಗುಂಪು ಕಟ್ಟುವಾಗ ಪದಗಳನ್ನು ಪರೀಕ್ಷಿಸುವುದು ಲೇಖಕರ ಕೆಲಸ ಎಂದು ಸಮರ್ಥಿಸಿದವರೂ ಇದ್ದರು. ಈ ಬಗೆಯ ಜಗಳಕ್ಕೆ ಅದಕ್ಕೂ ಮೊದಲೇ ಅವರ ಕಾದಂಬರಿಯಲ್ಲಿ ಜಾಗ ಸಿಕ್ಕಿತ್ತು. 2023ರ ‘ದ ಫ್ರಾಡ್’ 1870ರ ದಶಕದ ಟಿಚ್‌ಬೋರ್ನ್ ಮೊಕದ್ದಮೆಯ ಕಥೆ. ಸಮುದ್ರದಲ್ಲಿ ಕಾಣೆಯಾದ ಶ್ರೀಮಂತ ವಾರಸುದಾರ ತಾನೇ ಎಂದು ಆಸ್ಟ್ರೇಲಿಯಾದಿಂದ ಒಬ್ಬ ಕಟುಕ ಬರುತ್ತಾನೆ. ಅವನ ಪರವಾಗಿ ಸಾಕ್ಷಿ ನುಡಿದವನು ಆಂಡ್ರ್ಯೂ ಬೋಗಲ್, ಜಮೈಕಾದಲ್ಲಿ ಗುಲಾಮನಾಗಿ ಹುಟ್ಟಿದವನು. ವಂಚಕನನ್ನು ನಂಬದವರೂ ಬೋಗಲ್‌ನ ಮುಖ ನೋಡಿ ತಡವರಿಸುತ್ತಾರೆ. ಕಾದಂಬರಿಕಾರ ವಿಲಿಯಂ ಏನ್ಸ್‌ವರ್ತ್‌ನ ಮನೆ ನೋಡಿಕೊಳ್ಳುವ ಎಲಿಜಾ ಟೂಶೆ ಎಂಬ ಬಿಳಿಯ ಹೆಂಗಸು ಬೋಗಲ್‌ನ ಕಥೆ ಕೇಳಲು ಹಂಬಲಿಸುತ್ತಾಳೆ. ಅವನು ಹೇಳುತ್ತಾನೆ. ಕಬ್ಬಿನ ತೋಟದ ಬಾಳು ಪುಸ್ತಕದ ನಡುವಿನ ದೊಡ್ಡ ಭಾಗವನ್ನು ತುಂಬುತ್ತದೆ.

ಇನ್ನೊಬ್ಬರು: ಚಿಕ್ಕ ಚಿಕ್ಕ ಅಧ್ಯಾಯಗಳು, ಹಿಂದೆ ಮುಂದೆ ಹಾರುವ ಕಾಲ, ಆ ಭಾಗಕ್ಕೆ ಬರುವಷ್ಟರಲ್ಲಿ ದಣಿದವರಿದ್ದಾರೆ. ದಣಿಯದೆ ಬಂದವರು ಅದೇ ಪುಸ್ತಕದ ಹೃದಯ ಎನ್ನುತ್ತಾರೆ. ಆದರೂ ಕೇಳಬೇಕಾದದ್ದು ಉಳಿದಿದೆ. ಕೇಳಿದ ಮಾತ್ರಕ್ಕೆ ಬೋಗಲ್‌ನ ಕಥೆ ಎಲಿಜಾಳದಾಯಿತೇ?

ಒಬ್ಬರು: ಇಲ್ಲ. ಅವಳ ಮರುಕ ಬೋಗಲ್‌ನ ಮಗ ಹೆನ್ರಿಗೆ ಸಾಕಾಗುವುದಿಲ್ಲ, ಅದನ್ನು ಅವನು ಮುಖಕ್ಕೇ ಹೇಳುತ್ತಾನೆ. ಕೇಳುವ ಹಂಬಲವನ್ನು ಎಲಿಜಾಗೂ ಅದಕ್ಕೆ ಬೀಳುವ ಏಟನ್ನು ಹೆನ್ರಿಗೂ ಕೊಟ್ಟು ಕಾದಂಬರಿ ಇಬ್ಬರನ್ನೂ ಎದುರುಬದುರು ನಿಲ್ಲಿಸಿದೆ.

ಇನ್ನೊಬ್ಬರು: ಹಾಗಿದ್ದರೆ ನಮ್ಮ ವಾದ ಹೀಗೆ ಮುಗಿಯುತ್ತದೆ. ಸ್ಮಿತ್ ಬರವಣಿಗೆಯಲ್ಲಿ ಎದುರಾಳಿಯ ದನಿಗೂ ಸಮನಾದ ಜಾಗವಿದೆ. ಕಾದಂಬರಿಯಿಂದ ಹಲವು ಬಾಯಿಗಳ ಮಾತನ್ನು ನಿರೀಕ್ಷಿಸುವವರಿಗೆ ಅದೇ ಅವರ ದೊಡ್ಡ ಗುಣ. ಒಂದು ಜನಾಂಗದ ಪರವಾಗಿ ಖಚಿತ ವಿವರವನ್ನೋ, ಒಂದು ಅನ್ಯಾಯದ ವಿರುದ್ಧ ಖಚಿತ ತೀರ್ಪನ್ನೋ ಬೇಡುವವರಿಗೆ ಅದೇ ದೋಷ. ಪ್ರಬಂಧ ಓದುವಾಗ ಈ ಬೇಡಿಕೆ ಜೋರಾಗುವುದು ಸಹಜ; ಅಲ್ಲಿ ಮರೆಗೆ ಎಲಿಜಾ ಇಲ್ಲ, ಹೆನ್ರಿಯೂ ಇಲ್ಲ, ಸಹಿ ಹಾಕಿದವರು ಒಬ್ಬರೇ.

ಒಬ್ಬರು: ಮೆಚ್ಚುವವರೂ ಇದನ್ನು ಒಪ್ಪಿಯೇ ಓದುತ್ತಾರೆ. ಓದಲು ಶುರುಮಾಡುವವರಿಗೆ ‘ದಿ ಎಂಬೆಸಿ ಆಫ್ ಕಾಂಬೋಡಿಯಾ’ ಒಳ್ಳೆಯ ಬಾಗಿಲು, ಒಂದು ಸಂಜೆಯ ಓದು. ಅದಾದ ಮೇಲೆ ‘ವೈಟ್ ಟೀತ್’, ಜೊತೆಗೆ ಅದನ್ನು ಟೀಕಿಸಿದ ವುಡ್ ಲೇಖನ, ಅದಕ್ಕೆ ಸ್ಮಿತ್ ಕೊಟ್ಟ ಉತ್ತರ. ಮೂರನ್ನೂ ಓದಿದವರು ಯಾವ ಪಕ್ಷಕ್ಕೆ ಸೇರಿದರೂ ಕಾರಣ ಗೊತ್ತಿದ್ದು ಸೇರುತ್ತಾರೆ.